ಕಿಮೋ ನಂತರದ ವಾಂತಿ: ನೀವೇನು ಮಾಡಿದಿರಿ?

ಅಂಕೋಲಾದಿಂದ:
ಅಮ್ಮನ ಕ್ಯಾನ್ಸರಿಗೆ ಹುಬ್ಬಳ್ಳಿಯಲ್ಲಿ ಸಿಸ್‌ಪ್ಲಾಟಿನ್ ಎಂಬ ಔಷಧಿಯ ಕಿಮೋ ಶುರುವಾಗಿದೆ. ಆವತ್ತು ಆರಾಮಿದ್ದರು. ಮೂರನೇ ದಿನದಿಂದ ಒಂದೇ ಸಮನೆ ವಾಂತಿ, ಗಂಜಿಯೂ ನಿಲ್ಲಲಿಲ್ಲ. ಮುಂದಿನ ಸಲಕ್ಕೆ ಏನು ತಯಾರಿ ಮಾಡಲಿ? ಅರಬೈಲ್ ಘಾಟಿನಲ್ಲಂತೂ ಅವರಿಗೆ ಮೊದಲಿಂದಲೂ ವಾಂತಿ ಇದ್ದದ್ದೇ.

ಶಿರಸಿಯಿಂದ:
ಆ ಘಾಟಿನ ಮಾತನ್ನು ಡಾಕ್ಟರಿಗೆ ಹೇಳಿದಿರಾ? ಬಸ್ಸಲ್ಲಿ ವಾಂತಿಯಾಗುವವರಿಗೆ ಕಿಮೋದಲ್ಲೂ ಕಾಟ ಹೆಚ್ಚು. ಬಸಿರಿನಲ್ಲಿ ತುಂಬಾ ಆಗಿದ್ದರೆ ಅದನ್ನೂ ಹೇಳಿ.

ನಮ್ಮ ಅತ್ತಿಗೆಗೂ ಸಿಸ್‌ಪ್ಲಾಟಿನ್ನೇ. ಅದರ ವಾಂತಿ ಎರಡನೇ ದಿನದಿಂದ ಐದನೇ ದಿನದ ತನಕ ಕಾಡುತ್ತದೆ. ವಾಂತಿಗೆ ಕೊಡುವ ಎಮೆಸೆಟ್ ಗುಳಿಗೆ, ಅಂದರೆ ಓಂಡಾನ್‌ಸೆಟ್ರಾನ್, ಮೊದಲ 24 ತಾಸಿಗೆ ಒಳ್ಳೆಯದು; ಆಮೇಲಿನದಕ್ಕೆ ಅದೊಂದೇ ಸಾಲದು. ಅವಳಿಗೆ ವಾಂತಿ ತಡೆಯುವ ಇನ್ನೊಂದು ಗುಳಿಗೆ, ಅಪ್ರೆಪಿಟಂಟ್, ಕೊಟ್ಟಿದ್ದರು: ಕಿಮೋಗೆ ಒಂದು ತಾಸು ಮೊದಲು 125 ಮಿ.ಗ್ರಾಂ, ಮರುದಿನ ಮತ್ತು ಅದರ ಮರುದಿನ ಬೆಳಿಗ್ಗೆ 80. ಜೊತೆಗೆ ಡೆಕ್ಸಾಮೆಥಾಸೋನ್ (ಡೆಕ್ಸಾ) ಎಂಬ ಸ್ಟೀರಾಯ್ಡ್, ರಾತ್ರಿ ಓಲಾಂಜಪಿನ್. ಈ ಕೊನೆಯದನ್ನು ಕಂಡು ಮೆಡಿಕಲ್ ಶಾಪಿನವ "ಇದು ಮಾನಸಿಕ ರೋಗದ್ದಲ್ವಾ" ಅಂದ, ಅಣ್ಣ ಹೆದರಿ ನಿಲ್ಲಿಸಲು ಹೊರಟಿದ್ದ! ಆ ರೋಗಕ್ಕೂ ಕೊಡುತ್ತಾರೆ, ನಿಜ. ವಾಂತಿ ತಡೆಯಲು ಸಣ್ಣ ಡೋಸ್ ಸಾಕು; 10 ಮಿ.ಗ್ರಾಂ ಮಾಡುವ ಕೆಲಸವನ್ನು 2.5 ಮಿ.ಗ್ರಾಂ ಕೂಡ ಮಾಡುತ್ತದೆ, ತೂಕಡಿಕೆ ಕಡಿಮೆ ಎಂದು ಮುಂಬೈನ ಟಾಟಾ ಆಸ್ಪತ್ರೆಯವರೇ ತೋರಿಸಿದ್ದಾರೆ.

ನಿಮ್ಮ ಚೀಟಿಯಲ್ಲಿ ಏನೇನಿದೆ ನೋಡಿ, ಇಲ್ಲದ್ದನ್ನು ಕೇಳಿ. ನೀವಾಗಿ ತಂದು ಕೊಡಬೇಡಿ. ಬರೆದ ಗುಳಿಗೆಯನ್ನು ಮಾತ್ರ ವಾಂತಿ ಬರಲಿ ಎಂದು ಕಾಯದೆ ಹೊತ್ತಿಗೆ ಸರಿಯಾಗಿ ಕೊಡಿ.

ಕಾರವಾರದಿಂದ:
ನಮ್ಮನೆಯಲ್ಲಿ ವಾಸನೆಯದೇ ದೊಡ್ಡ ರಗಳೆ. ಅಪ್ಪನಿಗೆ ಬಂಗಡೆ ಅಂದರೆ ಜೀವ. ಕಿಮೋ ವಾರದಲ್ಲಿ ಸಾರು ಕುದಿಯುವ ವಾಸನೆಗೇ ಹೊಟ್ಟೆ ತೊಳಸುತ್ತಿತ್ತು. ಆಗೆಲ್ಲ ಮೀನು ಆಚೆಮನೆ ದೊಡ್ಡಮ್ಮನ ಒಲೆ ಮೇಲೆ. ಆರಿದ ಗಂಜಿ ಸ್ವಲ್ಪ ಸ್ವಲ್ಪವೇ, ಮಧ್ಯೆ ತಣ್ಣನೆಯ ಕೋಕಂ ನೀರು. ಎಮೆಸೆಟ್‌ನಿಂದ ಮಲ ಕಟ್ಟುತ್ತದೆ, ಅದರಿಂದಲೂ ವಾಕರಿಕೆ ಬರುತ್ತದೆ ನೋಡಿ.

ಕುಮಟಾದಿಂದ, ನರ್ಸ್:
ಡೆಕ್ಸಾದಿಂದ ಶುಗರ್ ಏರುತ್ತದೆ, ಸಕ್ಕರೆ ಕಾಯಿಲೆ ಇದ್ದರೆ ಮೊದಲೇ ತಿಳಿಸಿ. ಕುಡಿದ ನೀರೂ ನಿಲ್ಲದೆ ಮೂತ್ರ ಕಡಿಮೆಯಾದರೆ ಬೆಳಗಾಗಲಿ ಎಂದು ಕೂರಬೇಡಿ; ಸಿಸ್‌ಪ್ಲಾಟಿನ್ ಕಿಡ್ನಿಗೆ ಮೊದಲೇ ಭಾರ. ಹತ್ತಿರದ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿಸಿ. ಅದಕ್ಕಾಗಿ ಘಟ್ಟ ಹತ್ತಬೇಕಿಲ್ಲ.

ಅಂಕೋಲಾದಿಂದ:
ಚೀಟಿ ನೋಡಿದೆ. ಮನೆಗೆ ಬರೆದದ್ದು ಎಮೆಸೆಟ್ ಒಂದೇ, ಅದೂ "ಬೇಕಾದರೆ" ಎಂದು. ಅಮ್ಮನಿಗೆ ಶುಗರ್ ಇದೆ. ಎರಡನ್ನೂ ನಾಳೆ ಫೋನ್ ಮಾಡಿ ಕೇಳುತ್ತೇನೆ.