ಓದುಗರ ಸ್ಪಂದನ: ಮನೆಯಲ್ಲೇ ಪಾಠ, ಆದರೆ ಯಾವ ಪಾಠ?

ಹದಿನೈದು ದಿನದ ಹಿಂದೆ ಸುರತ್ಕಲ್‌ನ ಓದುಗಿಯೊಬ್ಬರ ಸಮಸ್ಯೆ ಪ್ರಕಟಿಸಿದ್ದೆವು. ಮಗನಿಗೆ ಒಂಬತ್ತು, ಮಗಳಿಗೆ ಆರು. ಗಂಡ ದುಬೈಯಲ್ಲಿ, ಮನೆಯಲ್ಲಿ ಅತ್ತೆ. ಬರುವ ಜೂನ್‌ನಿಂದ ಇಬ್ಬರಿಗೂ ಮನೆಯಲ್ಲೇ ಕಲಿಸುವುದೆಂದು ತೀರ್ಮಾನ ಆಗಿದೆ. ಮಾಂಟೆಸ್ಸೊರಿ, ವಾಲ್ಡಾರ್ಫ್, ಷಾರ್ಲಟ್ ಮೇಸನ್ ಎಂಬ ಕಲಿಸುವ ಪದ್ಧತಿಗಳು, ಪಠ್ಯವೇ ಇಲ್ಲದ ಅನ್‌ಸ್ಕೂಲಿಂಗ್, ಎಲ್ಲ ಓದಿ ತಲೆ ಕೆಟ್ಟಿದೆ, ಯಾವುದನ್ನು ಹಿಡಿಯಲಿ ಎಂದು ಕೇಳಿದ್ದರು. ಅವರು ಕೇಳಿದ್ದು ‘ಯಾವುದು’ ಅಂತ. ಬಂದ ಪತ್ರಗಳಲ್ಲಿ ಹೆಚ್ಚಿನವು ‘ಯಾಕೆ’ ಅಂತ ಕೇಳುತ್ತಿವೆ. ಕೆಲವನ್ನು ಇಲ್ಲಿ ಕೊಟ್ಟಿದ್ದೇವೆ.

*

ಶಾಲೆ ಬೇಡವಾಗಿರುವುದು ಮಕ್ಕಳಿಗೋ, ನಿಮಗೋ? ಅದನ್ನು ಮೊದಲು ತಿಳಿಸಿ.
— ನಿವೃತ್ತ ಶಿಕ್ಷಕ, ಕಾರ್ಕಳ

*

ಕೇಳಿದ ಪ್ರಶ್ನೆಗೇ ಉತ್ತರ ಕೊಟ್ಟವರೂ ಇದ್ದಾರೆ.

*

ಅಕ್ಕಾ, ನಾವು ಐದು ವರ್ಷದಿಂದ ಮನೆಯಲ್ಲೇ ಕಲಿಸುತ್ತಿದ್ದೇವೆ. ಮೊದಲನೇ ವರ್ಷ ಮಾಡಿದ ತಪ್ಪನ್ನು ಹೇಳಿಬಿಡುತ್ತೇನೆ. ವಿದೇಶದಿಂದ ಒಂದು ಇಡೀ ಪೆಟ್ಟಿಗೆ ಪಠ್ಯ ತರಿಸಿದೆವು. ದಿನಕ್ಕೆ ಇಷ್ಟು ಪುಟ ಅಂತ ಎಲ್ಲ ಬರೆದೇ ಇತ್ತು. ಎರಡನೇ ವಾರ ಹಿಮದ ಗೊಂಬೆ ಬಂತು. ಮೂರನೇ ವಾರ ಓಕ್ ಮರದ ಎಲೆ ಹೆಕ್ಕಿ ತನ್ನಿ ಅಂತ ಬಂತು. ಲೆಕ್ಕದ ಪುಸ್ತಕದಲ್ಲಿ ಪೆನ್ನಿ, ಡೈಮು. ಮಗ ಮಳೆ ನೋಡುತ್ತಾ ಕೂತಿದ್ದ, ನಾನು ಅವನಿಗೆ ಡೈಮ್ ಅಂದರೆ ಹತ್ತು ಸೆಂಟು ಅಂತ ಬಾಯಿಪಾಠ ಮಾಡಿಸುತ್ತಿದ್ದೆ. ದೀಪಾವಳಿಗೆ ಆ ಪೆಟ್ಟಿಗೆ ಅಟ್ಟ ಸೇರಿತು.

ಈಗ ನಮ್ಮದು ಕಲಸುಮೇಲೋಗರ. ಪಠ್ಯಕ್ಕೆ ಕೇಂದ್ರದ ಎನ್‌ಸಿಇಆರ್‌ಟಿ ಪುಸ್ತಕ, ಅದು ಇಂಟರ್‌ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಕನ್ನಡಕ್ಕೆ ರಾಜ್ಯದ ಪಠ್ಯಪುಸ್ತಕ. ಪಾಠದ ಕ್ರಮ ಮಾತ್ರ ಷಾರ್ಲಟ್ ಮೇಸನ್ ಹೇಳಿದ ಹಾಗೆ: ಹದಿನೈದು, ಇಪ್ಪತ್ತು ನಿಮಿಷ ಓದುವುದು, ಆಮೇಲೆ ಕೇಳಿದ್ದನ್ನು ಮಗು ತನ್ನದೇ ಮಾತಿನಲ್ಲಿ ವಾಪಸ್ ಹೇಳುವುದು. ಪ್ರಶ್ನೋತ್ತರ ಬರೆಸುವುದಿಲ್ಲ. ನಿಮ್ಮ ಆರು ವರ್ಷದ ಮಗಳಿಗೆ ಮಾಂಟೆಸ್ಸೊರಿ ಒಗ್ಗುತ್ತದೆ. ಆದರೆ ಅದರಲ್ಲಿ ಲೆಕ್ಕ ಕಲಿಸುವ ಮಣಿಗಳ ಸೆಟ್ಟಿನ ಬೆಲೆ ನೋಡಿ ಹೆದರಬೇಡಿ. ಹಿಡಿಸೂಡಿಯ ಕಡ್ಡಿ ಮುರಿದು ಹತ್ತಕ್ಕೊಂದು ರಬ್ಬರ್ ಬ್ಯಾಂಡ್ ಹಾಕಿ. ಹತ್ತು ಕಟ್ಟು ಸೇರಿದರೆ ನೂರು. ನನ್ನ ಮಗಳು ‘ದಶಕ ತೆಗೆದುಕೊಳ್ಳುವುದು’ ಕಲಿತದ್ದು ಕಟ್ಟು ಬಿಚ್ಚಿ.

ಮಗ ಮಲ್ಪೆಯ ಮೀನಿನ ರೇಟು ಬರೆದಿಡುತ್ತಾನೆ. ಬಂಗುಡೆ, ಬೂತಾಯಿ, ಎರಡೇ ಮೀನು. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿ ಕಡಲಿಗೆ ಇಳಿಯುವ ಹಾಗಿಲ್ಲ, ಆಗ ರೇಟು ಎಲ್ಲಿಗೆ ಹೋಗುತ್ತದೆ ಅಂತ ಗ್ರಾಫ್ ಹಾಕಿದ್ದಾನೆ. ಮೀನು ಮೊಟ್ಟೆ ಇಡುವ ಕಾಲ ಅಂತ ವಿಜ್ಞಾನಕ್ಕೂ ಅಲ್ಲಿಂದಲೇ ದಾರಿ ಆಯಿತು.

ಹತ್ತನೇ ಕ್ಲಾಸಿನ ಚಿಂತೆ ಈಗಲೇ ಬೇಡ. ಎನ್‌ಐಒಎಸ್ ಉಂಟು, ಶಾಲೆಗೆ ಹೋಗದವರಿಗೂ ಪರೀಕ್ಷೆ ನಡೆಸುವ ಕೇಂದ್ರದ ಮುಕ್ತ ಶಾಲಾ ಮಂಡಳಿ. 14 ವರ್ಷ ತುಂಬಿದ ಮೇಲೆ ಸೆಕೆಂಡರಿಗೆ, ಅಂದರೆ ಹತ್ತನೆಯದಕ್ಕೆ, ಹೆಸರು ಹಚ್ಚಬಹುದು. ವರ್ಷಕ್ಕೆ ಎರಡು ಸಲ ಪರೀಕ್ಷೆ. ಐದೂ ವಿಷಯ ಒಂದೇ ಸಲಕ್ಕೆ ಬರೆಯಬೇಕೆಂದಿಲ್ಲ.
— ಎರಡು ಮಕ್ಕಳ ತಾಯಿ, ಮಣಿಪಾಲ

*

ಕಾನೂನಿನ ಬಗ್ಗೆ ಬಂದ ಪತ್ರಗಳಲ್ಲಿ ಗಾಬರಿಯೇ ಜಾಸ್ತಿ ಇತ್ತು. ಇದರಲ್ಲಿ ಗಾಬರಿ ಇಲ್ಲ.

*

ಶಿಕ್ಷಣ ಹಕ್ಕು ಕಾಯ್ದೆ 2009ರದ್ದು, ಜಾರಿಗೆ ಬಂದದ್ದು 2010ರ ಏಪ್ರಿಲ್ 1ಕ್ಕೆ. 6ರಿಂದ 14 ವರ್ಷದ ಮಕ್ಕಳನ್ನು ಶಾಲೆಗೆ ಸೇರಿಸುವುದು ಹೆತ್ತವರ ಕರ್ತವ್ಯ ಎಂದು 10ನೇ ಸೆಕ್ಷನ್ ಹೇಳುತ್ತದೆ. ಸೇರಿಸದಿದ್ದರೆ ಹೆತ್ತವರಿಗೆ ಇಂಥ ದಂಡ ಎಂದು ಕಾಯ್ದೆಯಲ್ಲಿ ಇಲ್ಲ. ಮನೆಪಾಠಕ್ಕೆ ಹೌದು ಅಂತಲೂ ಬರೆದಿಲ್ಲ. ನಿಮಗೆ ಬೇಕಾದ್ದು 4ನೇ ಸೆಕ್ಷನ್: ನಡುವೆ ಶಾಲೆ ತಪ್ಪಿದ ಮಗು ವಾಪಸ್ ಬಂದರೆ ಅದರ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಳ್ಳಬೇಕು. ಬಾಗಿಲು ಮುಚ್ಚುವುದಿಲ್ಲ ಅಂತ ಅರ್ಥ.
— ವಕೀಲ, ಬಂಟ್ಸ್ ಹಾಸ್ಟೆಲ್, ಮಂಗಳೂರು

*

ಅತ್ತೆಗೆ ಏನು ಹೇಳುವುದು ಅಂತ ನೀವು ಕೇಳಲಿಲ್ಲ. ಆದರೂ ಹೇಳುತ್ತೇನೆ, ಯಾಕೆಂದರೆ ನಾನೂ ಒಬ್ಬಳು ಅತ್ತೆ. ನನ್ನ ಸೊಸೆಯೂ ಹೀಗೇ ಶುರು ಮಾಡಿದಳು. ನಾನು ಒಂದು ತಿಂಗಳು ಮಾತು ಬಿಟ್ಟೆ. ಆಮೇಲೆ ಅವಳು ಉಪಾಯ ಮಾಡಿದಳು ಮಾರಾಯ್ರೆ! “ಅತ್ತೆ, ತುಳು ಗಾದೆ ಕಲಿಸುವ ಕೆಲಸ ನಿಮ್ಮದು, ನನಗೆ ಬರುವುದಿಲ್ಲ” ಅಂದಳು. ಈಗ ದಿನಾ ಸಂಜೆ ನನ್ನದೇ ಕ್ಲಾಸು. ಒಂದು ದಿನ ತಪ್ಪಿದರೆ ನನಗೇ ಕಸಿವಿಸಿ.
— ಅಜ್ಜಿ, ಕಾಪು

*

ಮುಂದಿನ ಪತ್ರ ಉದ್ದ ಇದೆ. ಕತ್ತರಿಸಲು ಕೂತು, ಕೈ ಬರದೆ ಹಾಗೇ ಬಿಟ್ಟೆವು.

*

ನೀವು ಯಾವ ಪಠ್ಯ ಅಂತ ಕೇಳಿದ್ದೀರಿ. ನನಗೆ ಪಠ್ಯದ ವಿಷಯ ಹೇಳಲು ಆಗುವುದಿಲ್ಲ. ನಮ್ಮ ಪಠ್ಯ ಚೆನ್ನಾಗಿಯೇ ಇತ್ತು.

ನಾನು ಶಾಲೆಯಲ್ಲಿ ಲೆಕ್ಕಕ್ಕೆ ಪೆಟ್ಟು ತಿಂದವನು. ಬೆತ್ತ ಬೀಳುವ ಮೊದಲು ಕೈ ಹಿಂದಕ್ಕೆ ಎಳೆದರೆ ಒಂದಕ್ಕೆ ಎರಡು. ನನ್ನ ಮಗಳಿಗೆ ಅದು ಬರಬಾರದು ಅಂತಲೇ ನಾಲ್ಕನೇ ಕ್ಲಾಸಿಗೆ ಶಾಲೆ ಬಿಡಿಸಿದೆ. ಹೆಂಡತಿ ಬ್ಯಾಂಕಿಗೆ ಹೋಗುತ್ತಿದ್ದಳು. ನನ್ನದು ಮನೆಯಿಂದಲೇ ಮಾಡುವ ಕೆಲಸ. ಚಾವಡಿಯಲ್ಲಿ ಬೋರ್ಡ್ ಹಾಕಿಸಿದೆ. ಗೋಡೆಗೆ ಟೈಮ್‌ಟೇಬಲ್ ಅಂಟಿಸಿದೆ. ಒಂಬತ್ತಕ್ಕೆ ಲೆಕ್ಕ, ಹತ್ತಕ್ಕೆ ಇಂಗ್ಲಿಷ್, ಹನ್ನೊಂದಕ್ಕೆ ಒಂದು ಗ್ಲಾಸ್ ಹಾಲು.

ಕೈ ಎತ್ತಲಿಲ್ಲ, ಒಂದು ದಿನವೂ. ಆದರೆ ಭಿನ್ನರಾಶಿಯ ಹತ್ತಿರ ಬಂದಾಗ ನನ್ನ ಸ್ವರ ಬದಲಾಯಿತು. ‘ಮತ್ತೊಮ್ಮೆ ಮಾಡು’ ಅನ್ನುತ್ತಿದ್ದೆ, ಅಷ್ಟೇ. ಅವಳು ಒರೆಸಿ ಒರೆಸಿ ಪುಸ್ತಕದ ಹಾಳೆಯಲ್ಲಿ ತೂತು ಬಿದ್ದಿತ್ತು. ತೂತಿನ ಸುತ್ತ ಬರೆದು ತೋರಿಸುತ್ತಿದ್ದಳು. ಶಾಲೆಯಲ್ಲಾದರೆ ಸಾಯಂಕಾಲ ನಾಲ್ಕಕ್ಕೆ ಮೇಷ್ಟ್ರು ಮುಗಿಯುತ್ತಾರೆ, ಮನೆಗೆ ಬಂದರೆ ಅಪ್ಪ ಇರುತ್ತಾನೆ. ಅವಳಿಗೆ ಆ ಮೇಷ್ಟ್ರೇ ರಾತ್ರಿ ಅನ್ನ ಬಡಿಸುತ್ತಿದ್ದರು.

ಮೊದಮೊದಲು ತಮಾಷೆಗೆ ನನ್ನನ್ನು ‘ಸರ್’ ಅನ್ನುತ್ತಿದ್ದಳು. ನಾನೂ ನಗುತ್ತಿದ್ದೆ. ಎರಡನೇ ವರ್ಷದ ಜುಲೈ. ರಾತ್ರಿಯಿಡೀ ಸುರಿದು ಬೆಳಿಗ್ಗೆಯೂ ನಿಂತಿರಲಿಲ್ಲ. ಪಕ್ಕದ ಮನೆ ಹುಡುಗರು ಡಿಸಿ ರಜೆ ಕೊಟ್ಟರು ಅಂತ ಅಂಗಳದಲ್ಲಿ ಕೂಗುತ್ತಿದ್ದರು. ಮಗಳು ಬಾಗಿಲ ಹತ್ತಿರ ಪುಸ್ತಕ ಹಿಡಿದುಕೊಂಡು ನಿಂತು ಕೇಳಿದಳು: “ನಮಗೂ ರಜೆ ಉಂಟಾ ಸರ್?” ಅವಳ ಮುಖದಲ್ಲಿ ತಮಾಷೆ ಇರಲಿಲ್ಲ. ನಾನು ಗಡಿಯಾರ ನೋಡಿ “ಹನ್ನೊಂದರ ತನಕ ಮಾಡಿ ನೋಡುವ” ಅಂದೆ. ಆ ಮಾತನ್ನು ನಾನು ಎಷ್ಟು ಸಲ ವಾಪಸ್ ತೆಗೆದುಕೊಂಡಿದ್ದೇನೆ, ಮನಸ್ಸಿನಲ್ಲಿ.

ಏಳಕ್ಕೆ ವಾಪಸ್ ಶಾಲೆಗೆ ಸೇರಿಸಿದೆವು. ಸರಳವಾಗಿ ಒಗ್ಗಿಕೊಂಡಳು. ಈಗ ಪಿಯುಸಿ, ಅದೂ ಕಾಮರ್ಸು, ಲೆಕ್ಕ ಚೆನ್ನಾಗಿಯೇ ಬರುತ್ತದೆ. ನನ್ನ ಹತ್ತಿರ ಸಿನಿಮಾ, ಕ್ರಿಕೆಟ್ ಎಲ್ಲ ಮಾತಾಡುತ್ತಾಳೆ. ಪುಸ್ತಕ ಕೈಯಲ್ಲಿದ್ದಾಗ ನಾನು ಕೋಣೆಗೆ ಹೋದರೆ ಮಾತ್ರ ಅದನ್ನು ಮುಚ್ಚುತ್ತಾಳೆ.

ಮಾಂಟೆಸ್ಸೊರಿಯೋ ಇನ್ನೊಂದೋ, ಯಾವುದಾದರೂ ಹಿಡಿಯಿರಿ. ನಿಮಗೆ ಸಿಟ್ಟು ಬರುವ ವಿಷಯವೊಂದು ಇರುತ್ತದಲ್ಲ, ಅದನ್ನು ಮಾತ್ರ ನೀವು ಕಲಿಸಬೇಡಿ. ಬೇರೆಯವರ ಹತ್ತಿರ ಕಳಿಸಿ.
— ಒಬ್ಬ ಅಪ್ಪ, ಕುಂದಾಪುರದ ಹತ್ತಿರ

*

ಈ ಪತ್ರದ ಪಕ್ಕದಲ್ಲಿ ಇದನ್ನು ಇಡುವುದು ಸರಿಯೋ ಗೊತ್ತಿಲ್ಲ. ಬಂದಿದೆ, ಇಟ್ಟಿದ್ದೇವೆ.

*

ಎಸ್ಸೆಸ್ಸೆಲ್ಸಿಯಲ್ಲಿ 2024ಕ್ಕೆ ಉಡುಪಿ ಮೊದಲು, ದಕ್ಷಿಣ ಕನ್ನಡ ಎರಡನೆಯದು. 2025ಕ್ಕೆ ಅದು ಉಲ್ಟಾ. ಇಂಥ ಜಿಲ್ಲೆಯಲ್ಲಿ ಕೂತು ಶಾಲೆ ಸರಿಯಿಲ್ಲ ಅನ್ನುವುದಾ?
— ಹಿತೈಷಿ, ಬ್ರಹ್ಮಾವರ

*

ನನಗೆ ಹದಿನಾರು. ಆರು ವರ್ಷ ಮನೆಯಲ್ಲೇ ಓದಿದ್ದೇನೆ. ಅನ್‌ಸ್ಕೂಲಿಂಗ್ ಅಂತ ಅಮ್ಮ ಹೇಳುತ್ತಾರೆ, ನನಗೆ ಅದು ಸುಮ್ನೆ ಮನೆ. ಪಾಠಕ್ಕೆ ಏನೂ ತೊಂದರೆ ಆಗಲಿಲ್ಲ. ಕೊರತೆ ಆದದ್ದು ಮಧ್ಯಾಹ್ನ. ಬುತ್ತಿ ತೆರೆದು ‘ನಿಂದು ಏನು?’ ಅಂತ ಕೇಳುವವರು ಇರಲಿಲ್ಲ. ಆಮೇಲೆ ವಾರಕ್ಕೆ ಮೂರು ಸಂಜೆ ಯಕ್ಷಗಾನ ಕ್ಲಾಸಿಗೆ ಸೇರಿದೆ. ತಾಳ ತಪ್ಪಿದರೆ ಹನ್ನೆರಡು ಜನ ಒಟ್ಟಿಗೆ ನಗುತ್ತಾರೆ. ಈಗ ಪರವಾಗಿಲ್ಲ. ಆಂಟಿ, ಅಂಥದ್ದೊಂದು ಮೊದಲೇ ಹುಡುಕಿಡಿ.
— ಉಡುಪಿಯಿಂದ

*

ಪತ್ರಗಳನ್ನೆಲ್ಲ ಓದಿದ ಮೇಲೆ ಸುರತ್ಕಲ್‌ನ ಓದುಗಿಯ ಪತ್ರವನ್ನು ಇನ್ನೊಮ್ಮೆ ತೆಗೆದು ನೋಡಿದೆವು. ಗಂಡ ಏನು ಹೇಳುತ್ತಾರೆ, ಅತ್ತೆ ಏನು ಹೇಳುತ್ತಾರೆ ಎರಡೂ ಅದರಲ್ಲಿದೆ. ಒಂಬತ್ತು ವರ್ಷದ ಮಗ ಏನು ಹೇಳುತ್ತಾನೆ ಅಂತ ನಮಗೆ ಸಿಗಲಿಲ್ಲ. ಜೂನ್‌ಗೆ ಇನ್ನೂ ಸಮಯ ಇದೆ. ಅವರು ಮತ್ತೆ ಬರೆದರೆ ಖಂಡಿತ ಪ್ರಕಟಿಸುತ್ತೇವೆ.

ಮುಂದಿನ ಸಮಸ್ಯೆ: ಕಂಕನಾಡಿಯ ಫ್ಲ್ಯಾಟ್ ಒಂದರಲ್ಲಿ ಒಣಮೀನು ಸುಟ್ಟದ್ದಕ್ಕೆ ಮೇಲಿನ ಮನೆಯವರು ಮಾತು ಬಿಟ್ಟಿದ್ದಾರೆ. ಇಬ್ಬರ ಮಕ್ಕಳೂ ಒಂದೇ ರಿಕ್ಷಾದಲ್ಲಿ ಶಾಲೆಗೆ ಹೋಗುತ್ತಾರೆ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?