ಕಬ್ಬಿನ ಗದ್ದೆಯ ಸಂವೇದಕ ಜಾಲಕ್ಕೆ ಕಾರ್ಡ್, ಕಡೆಮ್ಲಿಯಾ ಹೊಂದುತ್ತವೆಯೇ?

ಪ್ರಶ್ನೆ (ಎಂ.ಟೆಕ್. ವಿದ್ಯಾರ್ಥಿ, ಮಂಡ್ಯ):
ವಿಶ್ವೇಶ್ವರಯ್ಯ ನಾಲೆಯ ಒಂದು ತೂಬಿನ ಕೆಳಗಿರುವ ಕಬ್ಬಿನ ಗದ್ದೆಗಳಲ್ಲಿ ಮಣ್ಣಿನ ತೇವಾಂಶ ಅಳೆಯುವ 64 ನೋಡ್‌ಗಳನ್ನು (ರೇಡಿಯೊ ಇರುವ ಪುಟ್ಟ ಸಂವೇದಕ ಸಾಧನಗಳನ್ನು) ಇರಿಸಿ, ಕೇಂದ್ರ ಸರ್ವರ್ ಇಲ್ಲದೆ ಅವೇ ಪರಸ್ಪರ ಮಾಹಿತಿಯನ್ನು ಹಂಚಿಕೊಂಡು ಉಳಿಸಿಕೊಳ್ಳುವಂತೆ ಮಾಡುವುದು ನನ್ನ ಪ್ರಬಂಧದ ವಿಷಯ. ಬೇಕಾದ ಮಾಹಿತಿ ಯಾವ ಕಂಪ್ಯೂಟರ್‌ನಲ್ಲಿದೆ ಎಂದು ಕೇಂದ್ರ ಸರ್ವರ್ ಇಲ್ಲದೆ ಹುಡುಕುವ 2001ರ ಕಾರ್ಡ್ (Chord) ಅಥವಾ 2002ರ ಕಡೆಮ್ಲಿಯಾ (Kademlia) ವಿನ್ಯಾಸವನ್ನು 2.4 ಗಿಗಾಹರ್ಟ್ಸ್ ರೇಡಿಯೊ ಇರುವ ಈ ಬ್ಯಾಟರಿ ನೋಡ್‌ಗಳ ಮೇಲೆ ನೇರವಾಗಿ ಅಳವಡಿಸಬಹುದೇ? ತಿಳಿದವರು ದಯವಿಟ್ಟು ತಿಳಿಸಬೇಕು.

ಉತ್ತರ 1 (ಅಧ್ಯಾಪಕ, ಮೈಸೂರು):
ಅಳವಡಿಸಲು ಅಡ್ಡಿಯಿಲ್ಲ, ಬ್ಯಾಟರಿ ಬಾಳುವುದಿಲ್ಲ. ಕಾರ್ಡ್ ನೋಡ್‌ಗಳನ್ನು ಹ್ಯಾಶ್ ಸಂಖ್ಯೆಯ (ವಿಳಾಸದಿಂದ ಲೆಕ್ಕ ಹಾಕಿ ಪಡೆದ, ಜಾಗಕ್ಕೆ ಸಂಬಂಧವಿಲ್ಲದ ಸಂಖ್ಯೆಯ) ಪ್ರಕಾರ ಉಂಗುರದಲ್ಲಿ ಜೋಡಿಸುತ್ತದೆ. ಉಂಗುರದಲ್ಲಿ ಅಕ್ಕಪಕ್ಕ ಕುಳಿತವುಗಳಲ್ಲಿ ಒಂದು ಈ ಬದುವಿನಲ್ಲಿದ್ದರೆ ಇನ್ನೊಂದು ನಾಲೆಯ ಆಚೆ ದಡದಲ್ಲಿರಬಹುದು. 64 ನೋಡ್‌ಗಳಲ್ಲಿ ಒಂದು ಹುಡುಕಾಟಕ್ಕೆ ಸರಾಸರಿ 3 ಜಿಗಿತ (ಒಂದು ನೋಡ್‌ನಿಂದ ಇನ್ನೊಂದಕ್ಕೆ ಸಾಗುವುದು) ಸಾಕೆಂಬ ಲೆಕ್ಕ ಸರಿಯೇ, ಆದರೆ ಅಂತರ್ಜಾಲದಲ್ಲಿ ಲೆಕ್ಕಕ್ಕೇ ಬಾರದ ಆ ಒಂದೊಂದು ಜಿಗಿತವೂ ಗದ್ದೆಯಲ್ಲಿ ನಾಲ್ಕಾರು ರೇಡಿಯೊ ಪ್ರಸಾರಗಳಾಗಿ, ನಡುವೆ ಸಿಕ್ಕ ನೋಡ್‌ಗಳ ಶಕ್ತಿಯನ್ನೆಲ್ಲ ಹೀರುತ್ತದೆ. ನೆರೆಯ ನೋಡ್ ಇನ್ನೂ ಇದೆಯೇ ಎಂದು ಆಗಾಗ ವಿಚಾರಿಸುವ ಸಂದೇಶಗಳಂತೂ ಯಾರೂ ಏನನ್ನೂ ಕೇಳದ ಹೊತ್ತಿನಲ್ಲಿಯೂ ನಿಲ್ಲುವುದಿಲ್ಲ. ಜೊತೆಗೆ ಇಂಥ ನೋಡ್‌ಗಳ ರೇಡಿಯೊ ಮಾನದಂಡವಾದ 802.15.4ರಲ್ಲಿ ಫ್ರೇಮ್ (ಒಂದು ಸಲಕ್ಕೆ ಕಳಿಸುವ ಮಾಹಿತಿಯ ಕಟ್ಟು) ಹೆಚ್ಚೆಂದರೆ 127 ಬೈಟ್. ಕಾರ್ಡ್‌ನ 160 ಬಿಟ್ ಗುರುತುಸಂಖ್ಯೆ ಒಂದಕ್ಕೇ 20 ಬೈಟ್ ಹೋಗುತ್ತದೆ.

ಇವುಗಳ ಬದಲು 2002ರ ಭೌಗೋಳಿಕ ಹ್ಯಾಶ್ ಟೇಬಲ್ ಕುರಿತು ಓದಿ. ಅಲ್ಲಿ ಹ್ಯಾಶ್ ಮಾಡಿದಾಗ ಸಿಗುವುದು ನೆಲದ ಮೇಲಿನ ಒಂದು ಜಾಗ; ಅದಕ್ಕೆ ಹತ್ತಿರವಿರುವ ನೋಡ್ ಮಾಹಿತಿಯನ್ನು ಇಟ್ಟುಕೊಳ್ಳುತ್ತದೆ.

ಉತ್ತರ 2 (ಕ್ಷೇತ್ರ ಎಂಜಿನಿಯರ್, ಶ್ರೀರಂಗಪಟ್ಟಣ):
ಅದಕ್ಕೂ ಮೊದಲು, ಈ ಮಾಹಿತಿಯನ್ನು ಕೇಳುವವರು ಯಾರೆಂದು ತೀರ್ಮಾನಿಸಿಕೊಳ್ಳಿ. ತೂಬು ಎತ್ತುವ ನೀರುಗಂಟಿಗೆ 64 ಅಂಕಿಗಳು ಬೇಡ, ಯಾವ ತಾಕು ಒಣಗುತ್ತಿದೆ ಎಂದಷ್ಟೇ ಬೇಕು. ಹಾಗಿದ್ದರೆ ಕನಿಷ್ಠ, ಸರಾಸರಿಗಳನ್ನು ದಾರಿಯಲ್ಲೇ ಲೆಕ್ಕ ಹಾಕುತ್ತ ಸಾಗಿಸುವ 2002ರ ಟ್ಯಾಗ್ (TAG) ವಿಧಾನದಲ್ಲಿ ಪ್ರತಿ ನೋಡ್ ಒಂದು ಸುತ್ತಿಗೆ ಒಂದೇ ಸಂದೇಶ ಕಳಿಸಿದರೆ ಮುಗಿಯಿತು. ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಸ್ವಿಟ್ಜರ್ಲೆಂಡಿನ ತಾಂತ್ರಿಕ ವಿಶ್ವವಿದ್ಯಾಲಯ ಇ.ಪಿ.ಎಫ್.ಎಲ್. ಸೇರಿ ಪಾವಗಡ ತಾಲ್ಲೂಕಿನ ಚೆನ್ನಕೇಶವಪುರದಲ್ಲಿ ಹೊಲಗಳಿಗೆ ಸಂವೇದಕ ಜಾಲ ಹಾಕುವ ಕಾಮನ್‌ಸೆನ್ಸ್ ನೆಟ್ ಯೋಜನೆ ಕೈಗೊಂಡಾಗಲೂ ರೈತರಿಗೆ ಬೇಕಾದ ಮಾಹಿತಿ ಯಾವುದೆಂಬ ಸಮೀಕ್ಷೆ ಅದರ ಭಾಗವಾಗಿತ್ತು. ಆದರೆ ಅದು ಮಳೆಯಾಶ್ರಿತ ನೆಲ. ನಿಮ್ಮದು ಆಳೆತ್ತರ ಮೀರುವ ಕಬ್ಬು. ನೀರು ತುಂಬಿದ ಸೋಗೆ 2.4 ಗಿಗಾಹರ್ಟ್ಸ್ ಅಲೆಯನ್ನು ಹೀರಿಕೊಳ್ಳುವುದರಿಂದ, ನಾಟಿಯ ಕಾಲದಲ್ಲಿ ಚೆನ್ನಾಗಿದ್ದ ಸಂಪರ್ಕ ಕಟಾವಿನ ಹೊತ್ತಿಗೆ ಇರುವುದಿಲ್ಲ. ಆಂಟೆನಾವನ್ನು ಗಳುವಿನ ತುದಿಗೆ ಏರಿಸಿ, ಇಲ್ಲವೇ ಪರವಾನಗಿ ಬೇಡದ 865–868 ಮೆಗಾಹರ್ಟ್ಸ್ ಪಟ್ಟಿಗೆ ಬನ್ನಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ನೋಡ್‌ಗಳು ತಮ್ಮ ತಾಕಿನ ಗೇಟ್‌ವೇಗೆ (ನೋಡ್‌ಗಳ ಅಳತೆಗಳನ್ನು ಒಟ್ಟುಗೂಡಿಸುವ ದೊಡ್ಡ ಸಾಧನಕ್ಕೆ) ಮಾತ್ರ ಅಳತೆ ಕಳಿಸಿ, ಸೌರಶಕ್ತಿಯ ಗೇಟ್‌ವೇಗಳ ನಡುವೆ ಕಡೆಮ್ಲಿಯಾ ಇಟ್ಟರೆ ಆಗಬಹುದೇ ಸರ್?

ಉತ್ತರ 1 (ಅಧ್ಯಾಪಕ, ಮೈಸೂರು):
ಆಗಬಹುದು, ಆದರೆ ನಾಲ್ಕೈದು ಗೇಟ್‌ವೇಗಳಿಗೆ ಅದೂ ದುಬಾರಿಯೇ; ಅದರ ಬದಲು ಪ್ರತಿಯೊಂದೂ ಉಳಿದವುಗಳ ಮಾಹಿತಿಯ ಪ್ರತಿಯನ್ನು ಪೂರ್ತಿಯಾಗಿ ಇಟ್ಟುಕೊಳ್ಳಲಿ. ಗೇಟ್‌ವೇಗಳ ಸಂಖ್ಯೆ ಎಷ್ಟಾದಾಗ ಪ್ರತಿ ಇಡುವುದಕ್ಕಿಂತ ಹುಡುಕುವುದು ಅಗ್ಗವಾಗುತ್ತದೆ ಎಂಬುದನ್ನು ಅಳೆದು ತೋರಿಸಿದರೆ ಪ್ರಬಂಧಕ್ಕೆ ಅದೇ ಒಳ್ಳೆಯ ವಿಷಯ.