ಸೈನಿಕರಿಗೆ ಸನ್ಮಾನ ಮಾಡೋಕೆ ಹೋದರೆ ಗೇಟಲ್ಲೇ ತಡೆದರು: ನಿವೃತ್ತ ಸುಬೇದಾರರಿಗೆ ನಿಮ್ಮ ಪ್ರಶ್ನೆಗಳು

ಪ್ರಶ್ನೆ (ಮಂಡ್ಯ ಕಡೆಯ ಯುವಕರ ಸಂಘದಿಂದ):
ನಮಸ್ಕಾರ ಸುಬೇದಾರ್ ಸರ್. ಹೋದ ವರ್ಷ ಡಿಸೆಂಬರ್ 7ರ ಸಶಸ್ತ್ರ ಪಡೆಗಳ ಧ್ವಜ ದಿನಕ್ಕೆ ನಾವು ಹುಡುಗರೆಲ್ಲ ಸೇರಿ ಹಾರ, ಶಾಲು, ಮೈಸೂರ್ ಪಾಕ್ ಹಿಡ್ಕೊಂಡು, ಟಿಟಿ ಮಾಡ್ಕೊಂಡು ಬೆಂಗಳೂರಿನ ಒಂದು ಸೈನಿಕ ನೆಲೆಗೆ ಹೋಗಿದ್ದೆವು. ಗೇಟಲ್ಲೇ ನಿಲ್ಲಿಸಿದರು. ಸ್ವೀಟ್ ಬಾಕ್ಸ್ ಮುಟ್ಟಲೂ ಇಲ್ಲ. ಒಬ್ಬ ಹುಡುಗ ಸೆಲ್ಫಿ ತೆಗೆದ ಅಂತ ಮೊಬೈಲ್ ಇಸ್ಕೊಂಡು ಫೋಟೋ ಡಿಲೀಟ್ ಮಾಡಿಸಿದರು. ಗೌರವ ಕೊಡೋಕೆ ಹೋದವರಿಗೆ ಹೀಗಾ ಸರ್? ಈ ಸಲ ಬೆಂಗಳೂರೇ ಬೇಡ ಅಂತ ನಮ್ಮ ಹೋಬಳಿಯ ಮಾಜಿ ಸೈನಿಕರಿಗೂ ಈಗ ಸೇವೆಯಲ್ಲಿ ಇರುವವರಿಗೂ ಊರಲ್ಲೇ ಸನ್ಮಾನ ಇಟ್ಕೊಂಡಿದ್ದೇವೆ. ಎಲ್ಲರ ಫೋಟೋ ಹಾಕಿ ದೊಡ್ಡ ಫ್ಲೆಕ್ಸ್, ಮೆರವಣಿಗೆ, ಡ್ರೋನ್ ಶೂಟಿಂಗ್. ನೀವೇನಂತೀರಿ?

ಉತ್ತರ:
ತಮ್ಮಾ, ಬೇಜಾರು ಆಗುತ್ತೆ, ನಿಜ. ಆದರೆ ನಾನು ಆ ಗೇಟಿನ ಒಳಗಡೆ ನಿಂತವನು. ಸೈನ್ಯದಿಂದ ನಿವೃತ್ತಿಯಾದ ಮೇಲೆ ಡಿಎಸ್‌ಸಿ ಸೇರಿದೆ. ಡಿಫೆನ್ಸ್ ಸೆಕ್ಯೂರಿಟಿ ಕೋರ್ ಅಂತ, ಕೇಂದ್ರ ಕಣ್ಣೂರಿನಲ್ಲಿದೆ. ಸೈನ್ಯ ಬಿಟ್ಟು ಬಂದವರನ್ನೇ ಮತ್ತೆ ಸೇರಿಸಿಕೊಂಡು ಡಿಪೋ, ವಾಯುನೆಲೆ ಇಂಥ ಕಡೆ ಕಾವಲಿಗೆ ಹಾಕುತ್ತಾರೆ. ಅಂದರೆ ಅವತ್ತು ನಿಮ್ಮನ್ನು ತಡೆದವರೇ ಒಬ್ಬ ಮಾಜಿ ಸೈನಿಕರು ಇರಬಹುದು. ನೀವು ಶಾಲು ಹೊದಿಸೋಕೆ ಹುಡುಕುತ್ತಿದ್ದ ಮನುಷ್ಯನೇ ನಿಮ್ಮ ಮೊಬೈಲ್ ಇಸ್ಕೊಂಡಿದ್ದು!

2016ರ ಜನವರಿ 2, ಪಠಾಣ್‌ಕೋಟ್ ವಾಯುನೆಲೆ ಮೇಲಿನ ದಾಳಿ ನೆನಪಿದೆಯಾ? ಬಂದ ಭಯೋತ್ಪಾದಕರು ಸೈನಿಕರ ಸಮವಸ್ತ್ರದಲ್ಲೇ ಇದ್ದರು. ಅದಕ್ಕೂ ಮೊದಲು ಒಬ್ಬ ಪೊಲೀಸ್ ಅಧಿಕಾರಿಯ ಗಾಡಿಯನ್ನೇ ಕಿತ್ಕೊಂಡಿದ್ದರು. ಅಲ್ಲಿ ಪ್ರಾಣ ಕೊಟ್ಟ 7 ಜನರಲ್ಲಿ 5 ಮಂದಿ ಡಿಎಸ್‌ಸಿಯವರು. ಬೆಂಗಳೂರಿನಲ್ಲಿ ಬೆಳೆದ ಲೆಫ್ಟಿನೆಂಟ್ ಕರ್ನಲ್ ನಿರಂಜನ್ ಅವರೂ ಆ 7 ಜನರಲ್ಲಿ ಒಬ್ಬರು. ಇದಾದ ಮೇಲೆ ಸಮವಸ್ತ್ರ ನೋಡಿಯೂ ನಂಬಬೇಡ, ಸರ್ಕಾರಿ ಗಾಡಿ ನೋಡಿಯೂ ನಂಬಬೇಡ ಅನ್ನೋದು ಗೇಟಿನಲ್ಲಿ ನಿಂತವನಿಗೆ ರಕ್ತಕ್ಕೇ ಇಳಿದುಬಿಟ್ಟಿದೆ. ಅಂಥವನು ಪರಿಚಯ ಇಲ್ಲದವರು ತಂದ ಮೈಸೂರ್ ಪಾಕ್ ಹೇಗೆ ತಿಂತಾನೆ ಹೇಳಿ? ಸೆಲ್ಫಿಗೂ ಅಷ್ಟೆ. ನಿಮ್ಮ ಮುಖದ ಹಿಂದೆ ತಡೆಗೋಡೆ, ಕ್ಯಾಮೆರಾ, ಕಾವಲಿನವನು ನಿಲ್ಲುವ ಜಾಗ ಎಲ್ಲ ಬರುತ್ತೆ. ಇಂಥ ಜಾಗದ ಫೋಟೋ ವಿಷಯಕ್ಕೆ 1923ರ ಅಧಿಕೃತ ರಹಸ್ಯಗಳ ಕಾಯ್ದೆಯೇ ಇದೆ. ಡಿಲೀಟ್ ಮಾಡಿಸಿ ಬಿಟ್ಟರು ಅಂದರೆ ಒಳ್ಳೆಯವರೇ.

ಹೋಗಲೇಬೇಕು ಅಂದರೆ ಮೊದಲೇ ಪತ್ರ ಬರೀರಿ. ಯಾರು ಯಾರು ಬರ್ತೀರಿ, ಗುರುತಿನ ಚೀಟಿ ಯಾವುದು, ಗಾಡಿ ನಂಬರ್ ಏನು ಅಂತ ಎಲ್ಲ ಬರೆದು, ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಲ್ಲಿ ಕೇಳಿ ಮುಂದುವರಿಯಿರಿ. ಆಗಲೂ ಬೇಡ ಅನ್ನಬಹುದು.

ಈಗ ಫ್ಲೆಕ್ಸ್. ನನಗೆ ಗೇಟಿಗಿಂತ ದಿಗಿಲಾಗೋದು ಇದೇ. ನಮ್ಮ ಕಡೆ ಫ್ಲೆಕ್ಸ್ ಹೇಗಿರುತ್ತೆ ಅಂತ ನನಗೆ ಗೊತ್ತಿಲ್ವಾ? ಹುಡುಗನ ಸಮವಸ್ತ್ರದ ಫೋಟೋ, ಹೆಸರು, ತಂದೆ ಹೆಸರು, ಯಾವ ರೆಜಿಮೆಂಟ್, ಎಷ್ಟನೇ ಬೆಟಾಲಿಯನ್, ಈಗ ಲಡಾಖ್‌ನಲ್ಲೋ ಇನ್ನೆಲ್ಲೋ ಸೇವೆ, ಕೆಳಗೆ ಶುಭ ಕೋರುವವರ ಸಾಲು, ಮೊಬೈಲ್ ನಂಬರ್ ಸಮೇತ. ಅದು ಸಂಜೆಯೊಳಗೆ ಫೇಸ್‌ಬುಕ್‌ಗೆ ಹೋಗುತ್ತೆ. 2020ರ ಜುಲೈನಲ್ಲಿ ಸೈನ್ಯ ತನ್ನವರಿಗೆ 89 ಆ್ಯಪ್ ಮೊಬೈಲಿನಿಂದ ತೆಗೆದುಹಾಕಿ ಅಂತ ಹೇಳಿತು, ಅದರಲ್ಲಿ ಫೇಸ್‌ಬುಕ್ಕೂ ಇತ್ತು. ಹುಡುಗ ಅಲ್ಲಿ ಫೇಸ್‌ಬುಕ್ ಬಿಟ್ಟು ಕೂತಿರ್ತಾನೆ, ಊರಿನವರು ಇಲ್ಲಿ ಅವನ ಜಾತಕವನ್ನೇ ಹಾಕಿರ್ತಾರೆ! ಆಮೇಲೆ ಅವನ ಅಮ್ಮನಿಗೆ ಒಂದು ಫೋನ್ ಬರುತ್ತೆ. ಸೈನ್ಯದ ರೆಕಾರ್ಡ್ಸ್ ಆಫೀಸಿಂದ ಮಾತಾಡ್ತಿದ್ದೀವಿ, ನಿಮ್ಮ ಮಗನ ಯೂನಿಟ್ ಇದು ಅಲ್ವಾ ಅಂತ ಶುರು ಮಾಡ್ತಾರೆ. ಎಲ್ಲ ಸರಿಯಾಗಿ ಹೇಳ್ತಾರಲ್ಲ, ಆ ತಾಯಿ ನಂಬದೆ ಇರ್ತಾರಾ? ಆದ್ದರಿಂದ ಸೇವೆಯಲ್ಲಿ ಇರುವವರ ವಿಷಯದಲ್ಲಿ ಹೆಸರು, ಊರು ಸಾಕು. ಯೂನಿಟ್ ಬೇಡ, ಜಾಗ ಬೇಡ, ರಜೆ ಯಾವತ್ತು ಮುಗಿಯುತ್ತೆ ಅನ್ನೋದಂತೂ ಬೇಡವೇ ಬೇಡ.

ಪ್ರಶ್ನೆ (ಮೈಸೂರಿನಿಂದ, ಎನ್ಎಸ್ಎಸ್ ವಿದ್ಯಾರ್ಥಿನಿ):
ಹಾಗಾದರೆ ಸನ್ಮಾನ ಬಿಟ್ಟು ನಿಜವಾಗಿ ಉಪಯೋಗ ಆಗುವ ಕೆಲಸ ಏನು ಸರ್? ನಾವು ಹತ್ತಾರು ಜನ ಇದ್ದೇವೆ, ಭಾನುವಾರ ಬಿಡುವು.

ಉತ್ತರ:
ತಾಯಿ, ಈ ಪ್ರಶ್ನೆಗೇ ಕಾಯ್ತಿದ್ದೆ. ರಕ್ಷಣಾ ಪಿಂಚಣಿ ಈಗ ಸ್ಪರ್ಶ್ ಅನ್ನೋ ಆನ್‌ಲೈನ್ ವ್ಯವಸ್ಥೆಯಲ್ಲಿದೆ. ವರ್ಷಕ್ಕೊಮ್ಮೆ ಬದುಕಿದ್ದೇವೆ ಅಂತ ಜೀವನ್ ಪ್ರಮಾಣ್ ಕೊಡಬೇಕು. ಕೊಡದಿದ್ದರೆ ಪಿಂಚಣಿ ನಿಲ್ಲುತ್ತೆ. ಗಂಡ ಹೋದ ಮೇಲೆ ಹಳ್ಳಿಯಲ್ಲಿ ಒಬ್ಬರೇ ಇರುವ ಅಜ್ಜಿಗೆ ಇದು ದೊಡ್ಡ ಗೋಳು. ಗದ್ದೆ ಕೆಲಸ ಮಾಡಿ ಮಾಡಿ ಬೆರಳಿನ ಗೆರೆ ಸವೆದಿರುತ್ತೆ, ಹೆಬ್ಬೆಟ್ಟು ಮೆಷಿನ್ ತಗೊಳ್ಳೋದಿಲ್ಲ. ಆದರೆ ಈಗ ಮೊಬೈಲಿನಲ್ಲೇ ಮುಖ ತೋರಿಸಿ ಮಾಡಬಹುದು. ಜೀವನ್ ಪ್ರಮಾಣ್ ಆ್ಯಪ್ ಜೊತೆಗೆ ಆಧಾರ್ ಫೇಸ್ ಆರ್‌ಡಿ ಆ್ಯಪ್ ಹಾಕಿಕೊಳ್ಳಿ. ಬೆಳಕು ಚೆನ್ನಾಗಿರೋ ಜಗಲಿಯಲ್ಲಿ ಕೂರಿಸಿ. ತುಂಬುವಾಗ ಎಲ್ಲರೂ ತಪ್ಪೋದು ಒಂದೇ ಜಾಗದಲ್ಲಿ: ಪಿಂಚಣಿ ಕೊಡುವವರು ಯಾರು ಅಂದಾಗ ಹಳೇ ಬ್ಯಾಂಕಿನ ಹೆಸರು ಆರಿಸ್ತಾರೆ. ಸ್ಪರ್ಶ್‌ಗೆ ಬಂದವರಿಗೆ ಅಲ್ಲಿ ಸ್ಪರ್ಶ್ ಪಿಸಿಡಿಎ ಪೆನ್ಷನ್ ಅನ್ನೋದನ್ನೇ ಆರಿಸಬೇಕು, ಅದು ರಕ್ಷಣಾ ಪಿಂಚಣಿ ನೋಡಿಕೊಳ್ಳುವ ಲೆಕ್ಕಪತ್ರ ಕಚೇರಿ. ಪಟ್ಟಿಯಲ್ಲಿ ಊರು ಅಲಹಾಬಾದ್ ಅಂತ ಇದ್ದರೆ ಗಾಬರಿ ಆಗಬೇಡಿ, ಪ್ರಯಾಗ್‌ರಾಜ್ ಅದೇ.

ಇನ್ನೊಂದು ಹೆಸರಿನ ಗೋಜಲು. ಅಜ್ಜ ಸೈನ್ಯಕ್ಕೆ ಬರೆಸಿದ್ದು ಹೆಂಡತಿ ಜಯಮ್ಮ ಅಂತ, ಆಧಾರ್‌ನಲ್ಲಿ ಜಯಲಕ್ಷ್ಮಿ. ಅಜ್ಜ ಬದುಕಿರುವಾಗಲೇ ಸೇವಾ ದಾಖಲೆ ಇಡುವ ರೆಕಾರ್ಡ್ಸ್ ಆಫೀಸಿಗೆ ಬರೆದು ಸರಿ ಮಾಡಿಸಿದರೆ ಸಲೀಸು. ಅವರು ಹೋದ ಮೇಲೆ ಅಜ್ಜಿ ತಿಂಗಳುಗಟ್ಟಲೆ ಅಲೆಯಬೇಕು. ನೀವು ಮನೆ ಮನೆಗೆ ಹೋಗಿ ಈ ಎರಡು ಹೆಸರು ತಾಳೆ ನೋಡಿದರೇ ಸಾಕು, ಅದಕ್ಕಿಂತ ದೊಡ್ಡ ಸನ್ಮಾನ ನನಗಂತೂ ಗೊತ್ತಿಲ್ಲ.

15 ವರ್ಷ ಸೇವೆ ತುಂಬದೆ ಬಂದ ಜವಾನರಿಗೆ ಸಾಮಾನ್ಯವಾಗಿ ಪಿಂಚಣಿಯೇ ಇರೋದಿಲ್ಲ. ಅಂಥವರು 65 ದಾಟಿ, ಕಷ್ಟದಲ್ಲಿದ್ದು, ಹವಾಲ್ದಾರ್ ದರ್ಜೆಯೊಳಗಿದ್ದರೆ ಕೇಂದ್ರೀಯ ಸೈನಿಕ ಮಂಡಳಿಯಿಂದ ತಿಂಗಳ ಸಹಾಯಧನ ಇದೆ. ಎಷ್ಟೋ ಜನಕ್ಕೆ ಇದು ತಿಳಿದೇ ಇಲ್ಲ. ಅರ್ಜಿಗೆ ಜಿಲ್ಲಾ ಸೈನಿಕ ಕಚೇರಿಗೆ ಹೋಗಬೇಕು. ಇಸಿಎಚ್ಎಸ್ ಅಂದರೆ ಮಾಜಿ ಸೈನಿಕರ ಆರೋಗ್ಯ ಯೋಜನೆ, ಅದರ ಆಸ್ಪತ್ರೆಗೆ ಮೈಸೂರಿಗೆ ಬರುವವರಿಗೆ ಜೊತೆಗೆ ಒಬ್ಬರು ಬಂದರೂ ಪುಣ್ಯ.

ಒಂದು ಷರತ್ತು. ಡಿಸ್ಚಾರ್ಜ್ ಬುಕ್, ಪಿಪಿಒ (ಪಿಂಚಣಿ ಆದೇಶ ಪತ್ರ), ಗುರುತಿನ ಚೀಟಿ ಇವುಗಳ ಫೋಟೋ ನಿಮ್ಮ ಮೊಬೈಲಿನಲ್ಲಿ ಉಳಿಯಬಾರದು, ಗ್ರೂಪಿಗಂತೂ ಬರಲೇಬಾರದು. ನಾನು ಮಿಲಿಟರಿಯವನು, ವರ್ಗ ಆಗಿದೆ, ಬೈಕ್ ಕಮ್ಮಿಗೆ ಕೊಡ್ತೀನಿ ಅಂತ ಆನ್‌ಲೈನಲ್ಲಿ ಮೋಸ ಮಾಡುವವರು ತೋರಿಸೋದು ಹೀಗೆ ಸಿಕ್ಕಿದ ಕಾರ್ಡುಗಳನ್ನೇ. ಒಟಿಪಿ ಬಂದರೆ ಮನೆಯವರ ಕೈಯಲ್ಲೇ ಓದಿಸಿ, ಪಾಸ್‌ವರ್ಡ್ ನೀವು ಬರೆದಿಟ್ಟುಕೊಳ್ಳಬೇಡಿ.

ಪ್ರಶ್ನೆ (ಮದ್ದೂರಿನಿಂದ):
ಸಿಆರ್‌ಪಿಎಫ್‌ನವರಿಗೂ ಇದೆಲ್ಲ ಅನ್ವಯ ಆಗುತ್ತಾ? ನಮ್ಮ ತಾಲ್ಲೂಕಿನ ಗುಡಿಗೆರೆ ಗುರು ಪುಲ್ವಾಮಾ ದಾಳಿಯಲ್ಲಿ ತೀರಿಹೋದಾಗಿನಿಂದ ನಮಗೆ ಎಲ್ಲರೂ ಒಂದೇ.

ಉತ್ತರ:
ಜನರ ಮನಸ್ಸಿನಲ್ಲಿ ಒಂದೇ, ಇರಬೇಕಾದ್ದೂ ಹಾಗೇ. 2019ರ ಫೆಬ್ರವರಿ 14ರಂದು ಅಲ್ಲಿ ಹೋದ 40 ಜನವೂ ಸಿಆರ್‌ಪಿಎಫ್‌ನವರು. ಆದರೆ ಸಿಆರ್‌ಪಿಎಫ್, ಅಂದರೆ ಕೇಂದ್ರ ಮೀಸಲು ಪೊಲೀಸ್ ಪಡೆ, ಬರೋದು ಗೃಹ ಸಚಿವಾಲಯದ ಕೆಳಗೆ. ಸ್ಪರ್ಶ್, ಇಸಿಎಚ್ಎಸ್ ಇವೆಲ್ಲ ಭೂಸೇನೆ, ನೌಕಾಪಡೆ, ವಾಯುಪಡೆಯವರಿಗೆ. ಸಿಆರ್‌ಪಿಎಫ್ ಕುಟುಂಬದವರು ಯಲಹಂಕದ ಗ್ರೂಪ್ ಸೆಂಟರ್‌ನಲ್ಲಿ ವಿಚಾರಿಸೋದು ಸರಿ. ಮೊದಲೇ ಹೇಳಿಬಿಡಿ, ಪಾಪ ಸುಮ್ನೆ ಸೈನಿಕ ಕಚೇರಿಗೆ ಅಲೆಯೋದು ತಪ್ಪುತ್ತೆ.

ಪ್ರಶ್ನೆ (ಹೆಸರು ಬೇಡ ಅಂದವರು):
ಸರ್, ಮಿಲಿಟರಿ ಕ್ಯಾಂಟೀನ್ ಎಣ್ಣೆ ಬಾಟ್ಲಿ ವಿಷಯ ಯಾರೂ ಎತ್ತಲೇ ಇಲ್ಲ 😄

ಉತ್ತರ:
ಎತ್ತಬೇಡಿ! ನಿವೃತ್ತಿಯಾಗಿ ಊರಿಗೆ ಬಂದವನಿಗೆ ಯೋಗಕ್ಷೇಮಕ್ಕಿಂತ ಮೊದಲು ಬರೋ ಪ್ರಶ್ನೆ ಅದೇ. ಅದನ್ನು ಬೇರೆಯವರಿಗೆ ಮಾರೋದು ನಿಯಮಕ್ಕೆ ವಿರುದ್ಧ, ಸಿಕ್ಕಿಬಿದ್ದರೆ ಕ್ಯಾಂಟೀನ್ ಕಾರ್ಡ್ ಹೋಗೋದು ಆ ಮಾಜಿ ಸೈನಿಕರದು, ಕೇಳಿದವರದಲ್ಲ.

ಪ್ರಶ್ನೆ (ಮೊದಲು ಕೇಳಿದವರೇ):
ಸರ್, ಫ್ಲೆಕ್ಸ್ ಇನ್ನೂ ಪ್ರಿಂಟ್ ಆಗಿಲ್ಲ, ಬದಲಾಯಿಸ್ತೀವಿ. ಆದರೆ ಡ್ರೋನ್‌ನವನಿಗೆ ಅಡ್ವಾನ್ಸ್ ಕೊಟ್ಟಾಗಿದೆ.

ಉತ್ತರ:
ಊರಲ್ಲಿ ಡ್ರೋನ್ ಹಾರಿಸಬಾರದು ಅಂತೇನಿಲ್ಲ. 2021ರ ಡ್ರೋನ್ ನಿಯಮದಲ್ಲಿ ಕೆಂಪು, ಹಳದಿ, ಹಸಿರು ವಲಯ ಅಂತ ಇದೆ, ಸರ್ಕಾರದ ಡಿಜಿಟಲ್ ಸ್ಕೈ ವೆಬ್‌ಸೈಟಿನ ನಕ್ಷೆಯಲ್ಲಿ ನಿಮ್ಮ ಊರು ಯಾವುದರಲ್ಲಿದೆ ನೋಡಿ. ಡ್ರೋನ್‌ಗೆ ನೋಂದಣಿ ಇದೆಯಾ ಅಂತ ಅವನನ್ನು ಕೇಳಿ, ಠಾಣೆಗೂ ಒಂದು ಮಾತು ತಿಳಿಸಿ. ಅದೇ ವರ್ಷದ ಜೂನ್ 27ರಂದು ಜಮ್ಮು ವಾಯುನೆಲೆ ಮೇಲೆ ಡ್ರೋನ್‌ನಿಂದಲೇ ಬಾಂಬ್ ಹಾಕಿದರು, ಆಮೇಲೆ ಪೊಲೀಸರೂ ಇದನ್ನು ಹಗುರವಾಗಿ ತಗೊಳ್ಳೋದಿಲ್ಲ. ಮೆರವಣಿಗೆ ಶೂಟ್ ಮಾಡಿಸಿ, ಸೈನಿಕರ ಮನೆ, ಬೀದಿ ಬೇಡ. ಅವನು ಒಪ್ಪದಿದ್ದರೆ ಅಡ್ವಾನ್ಸನ್ನು ಊರಹಬ್ಬಕ್ಕೆ ಹಿಡ್ಕೊಳ್ಳೋಕೆ ಹೇಳಿ. ಮತ್ತೆ ಸನ್ಮಾನದಲ್ಲಿ ಹುಂಡಿ ಇಟ್ಟರೆ ಅದಕ್ಕೆ ಬಂದ ದುಡ್ಡನ್ನು ಜಿಲ್ಲಾ ಸೈನಿಕ ಕಚೇರಿಯಲ್ಲಿ ಧ್ವಜ ದಿನದ ನಿಧಿಗೆ ಕಟ್ಟಿ ರಸೀದಿ ತಗೊಳ್ಳಿ, ಆ ರಸೀದಿಯನ್ನು ಬೇಕಾದರೆ ಧಾರಾಳವಾಗಿ ಗ್ರೂಪಿಗೆ ಹಾಕಿ.